ಮಳವಳ್ಳಿಯಲ್ಲಿ ಕೊಂಡ ಮಲ್ಲಿಗೆ

ನಮ್ಮ ಮನೆಯವರ ಬಲಗೈಯ ಎರಡು ಬೆರಳುಗಳಿಗೆ ಬಿಸಿಯೇ ತಾಕುತ್ತಿರಲಿಲ್ಲ. ಮಂಡ್ಯದ ಸುತ್ತಿನ ಆಲೆಮನೆಗಳಲ್ಲಿ ಬೆಲ್ಲದ ಪಾಕ ನೋಡುವುದು ಅವರ ಕೆಲಸ. ಬೆರಳನ್ನು ತಣ್ಣೀರಿಗೆ ಅದ್ದಿ, ಕುದಿಯುವ ಕೊಪ್ಪರಿಗೆಯಿಂದ ಒಂದಿಷ್ಟು ಪಾಕ ಎತ್ತಿ, ಉಂಡೆ ಕಟ್ಟುತ್ತದೋ ಇಲ್ಲವೋ ಎಂದು ಉಜ್ಜಿ ನೋಡುತ್ತಿದ್ದರು. ವರ್ಷಗಟ್ಟಲೆ ಹಾಗೆ ಮಾಡಿ ಬೆರಳ ತುದಿಗಳು ಎಮ್ಮೆಯ ಗೊರಸಿನಂತೆ ಗಟ್ಟಿಯಾಗಿದ್ದವು. ಒಲೆಯ ಮೇಲಿನ ಮಡಕೆಯ ಮುಚ್ಚಳವನ್ನು ಬಟ್ಟೆ ಹಿಡಿಯದೆ ಎತ್ತುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅದನ್ನು ನೋಡಿ ನಾನು ಹೆದರಿದ್ದೆ.

"ಪಾಕ ಕಾಯಕ್ಕಿಲ್ಲ ಕಣಮ್ಮಿ" ಎಂಬುದು ಅವರ ಮಾತು. ಊಟಕ್ಕೆ ಕೂರುವುದಕ್ಕೂ, ಎತ್ತು ಮಾರುವುದಕ್ಕೂ, ಜಗಳಕ್ಕೂ ಅದೇ ಮಾತು. ಹೊಳೆದದ್ದನ್ನು ಆ ಗಳಿಗೆಯಲ್ಲೇ ಮಾಡಿಬಿಡಬೇಕು. ಎಲ್ಲಿಗೆ, ಯಾಕೆ ಎಂದು ಹೆಂಡತಿಗೆ ಹೇಳುವ ಅಭ್ಯಾಸವಿರಲಿಲ್ಲ. ಕೇಳುವ ಅಭ್ಯಾಸ ನನಗೂ ಇರಲಿಲ್ಲ. ಮದುವೆಯಾಗಿ ಎಂಟು ವರ್ಷವಾಗಿದ್ದರೂ ನಮಗೆ ಮಕ್ಕಳಾಗಿರಲಿಲ್ಲ. ಅತ್ತೆ ಬಾಯಿ ತೆರೆದಾಗಲೆಲ್ಲ ಅದನ್ನೇ ಹೇಳಿ ಚುಚ್ಚುತ್ತಿದ್ದರು, ಇವರು ಮಾತ್ರ ಒಂದು ದಿನವೂ ಆ ಮಾತೆತ್ತಿದವರಲ್ಲ. ಹಾಗಾಗಿ ನಾನು ಅವರನ್ನು ನಂಬಿದ್ದೆ.

ಯುದ್ಧದ ಕಾಲ. ಒಂದು ಬೆಳಗ್ಗೆ ರಾಗಿ ಬೀಸುತ್ತಿದ್ದವಳನ್ನು ಎಬ್ಬಿಸಿ, ಒಳ್ಳೆಯ ಸೀರೆ ಉಟ್ಟುಕೊ, ಶಿವನಸಮುದ್ರದಲ್ಲಿ ನೀರು ಬೀಳುವುದನ್ನು ನೋಡಿಕೊಂಡು ಬರೋಣ ಎಂದರು. ಗಂಡಹೆಂಡಿರು ಇಬ್ಬರೇ ಊರು ಸುತ್ತಲು ಹೋಗುವುದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಅತ್ತೆ ತಡೆಯುತ್ತಾರೆಂದುಕೊಂಡೆ. ಅವರು ಬುತ್ತಿ ಕಟ್ಟಿಕೊಟ್ಟರು. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು, ದಡ್ಡಿ, ಬರಲಿಲ್ಲ.

ಮದ್ದೂರಿನ ತನಕ ರೈಲು. ಅಲ್ಲಿಂದಾಚೆಗೆ ಸಿಕ್ಕಿದ್ದನ್ನು ಹತ್ತಿದೆವು. ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಮೊದಲ ದಿಣ್ಣೆಗೇ ಕೆಮ್ಮಿ ನಿಂತಿತು. ಅದನ್ನು ಬಿಟ್ಟು ನಡೆದೆವು, ಒಂದು ಹುಲ್ಲಿನ ಗಾಡಿ ಹತ್ತಿದೆವು, ಮತ್ತೆ ನಡೆದೆವು. ಯಾವಾಗಲೂ ಹತ್ತು ಮಾರು ಮುಂದೆ ಹೋಗುವ ಮನುಷ್ಯ ಅಂದು ನನ್ನ ಪಕ್ಕದಲ್ಲೇ ನಡೆದರು. ಹೊಂಗೆ ಮರದಡಿ ಒಂದೇ ಎಲೆಯಲ್ಲಿ ಉಂಡೆವು. ಗದ್ದೆಯವನನ್ನು ಕೇಳಿ ಒಂದು ಜಲ್ಲೆ ಕಬ್ಬು ತಂದು, ಸಿಗಿದು ನನಗೆ ಕೊಟ್ಟರು. ಮಳವಳ್ಳಿಯ ಛತ್ರದಲ್ಲಿ ತಂಗಿ ಮರುದಿನ ಶಿವನಸಮುದ್ರ ಕಂಡೆವು. ನೀರಿನ ತುಂತುರಿಗೆ ನನ್ನ ಸೆರಗು ನೆನೆದಾಗ ತಮ್ಮ ಟವೆಲನ್ನು ಹೊದಿಸಿದರು. ಎಂಟು ವರ್ಷದಲ್ಲಿ ನಾನು ಅಷ್ಟು ನಕ್ಕಿರಲಿಲ್ಲ.

ಹಿಂದಿರುಗುವಾಗ ಮಳವಳ್ಳಿಯಲ್ಲಿ ಎರಡು ಮೊಳ ಮಲ್ಲಿಗೆ ಕೊಂಡರು. ಒಂದು ಮೊಳ ಮುಡಿದುಕೊ, ಇನ್ನೊಂದು ಇಟ್ಟುಕೊಂಡಿರು ಎಂದರು. ಬೈಗಿಗೆ ಮುಡಿಯಲು ಎಂದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡೆ. ಪರಿಚಯದವರ ಮನೆಯಿದೆ, ನೀರು ಕುಡಿದು ಹೋಗೋಣ ಎಂದು ಒಂದು ಬೀದಿಗೆ ಕರೆದೊಯ್ದರು.

ಹಜಾರದಲ್ಲಿ ಚಾಪೆ ಹಾಸಿತ್ತು. ಐದಾರು ಜನ ಹಿರಿಯರು ಕುಳಿತಿದ್ದರು. ಹದಿನೆಂಟರ ಹುಡುಗಿಯೊಬ್ಬಳನ್ನು ತಂದು ನನ್ನ ಮುಂದೆ ಕೂರಿಸಿದರು. ಆಗ ತಿಳಿಯಿತು. ಎರಡನೆಯ ಸಂಬಂಧಕ್ಕೆ ಹೆಣ್ಣು ಕೊಡುವವರು, ಮೊದಲ ಹೆಂಡತಿಯೇ ಬಂದು ತನ್ನ ಕೈಯಾರೆ ಹೂ ಮುಡಿಸಿದರೆ ಮಾತ್ರ ಕೊಡುವುದು ನಮ್ಮವರ ಪದ್ಧತಿ. ನಾಳೆ ಹಿರಿಯಳು ಜಗಳ ತೆಗೆಯಬಾರದಲ್ಲ.

ಹುಡುಗಿಯ ಅಜ್ಜ ನನ್ನ ಕಡೆ ತಿರುಗಿದರು. "ಬಲವಂತ ಇಲ್ಲ ಕಣವ್ವ. ನಿಂಗೆ ಒಪ್ಗೆ ಇದ್ರೆ ಮುಡ್ಸು, ಇಲ್ದಿದ್ರೆ ಎದ್ ಓಗು. ನಾವೇನೂ ಅನ್ಕಳಕ್ಕಿಲ್ಲ."

ನಾನು ಇವರ ಮುಖ ನೋಡಿದೆ. ಇವರು ನೆಲ ನೋಡುತ್ತಿದ್ದರು. ಎದ್ದು ಹೋಗಬಹುದಿತ್ತು, ತವರಿನಲ್ಲಿ ಅಣ್ಣ ಬೇಡವೆನ್ನುತ್ತಿರಲಿಲ್ಲ. ಆದರೆ ಎರಡು ದಿನ ನನ್ನ ಪಕ್ಕದಲ್ಲಿ ನಡೆದ ಮನುಷ್ಯನ ಮಾನವನ್ನು ಅಷ್ಟು ಜನರ ಮುಂದೆ ಕಳೆಯಲು ಮನಸ್ಸು ಬರಲಿಲ್ಲ. ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ಹದ ತಿಳಿದವರಲ್ಲವೇ. ಸೆರಗಿನ ಗಂಟು ಬಿಚ್ಚಿ ಹೂ ಮುಡಿಸಿದೆ. ಆ ಹುಡುಗಿಯ ಮೇಲೆ ನನಗೆ ಅಂದೂ ಸಿಟ್ಟು ಬರಲಿಲ್ಲ, ಇಂದೂ ಇಲ್ಲ.

ಅವಳಿಗೆ ಮೂರು ಮಕ್ಕಳಾದವು. ಮೂರನ್ನೂ ಎತ್ತಿ ಆಡಿಸಿದವಳು ನಾನೇ. ಇವರು ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಊಟಕ್ಕೆ ಬಟ್ಟೆಗೆ ಕಡಿಮೆ ಮಾಡಲಿಲ್ಲ. ದೇವರಂಥ ಗಂಡ ಎಂದು ಊರವರು ಹೊಗಳಿದರು. ಆ ಎರಡು ದಿನಗಳಲ್ಲಿ ಪ್ರೀತಿ ಎಷ್ಟಿತ್ತು, ನನ್ನನ್ನು ಒಪ್ಪಿಸುವ ಹೂಟ ಎಷ್ಟಿತ್ತು ಎಂದು ನಾನು ಕೇಳಲೇ ಇಲ್ಲ. ಕೇಳಿದರೆ ನನ್ನ ಪಾಲಿಗಿದ್ದ ಆ ಎರಡು ದಿನವೂ ಹೋಗುತ್ತದೆಂಬ ಹೆದರಿಕೆ.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಅವರಿಗೆ ಜ್ವರ ಬಂದು ಎದೆ ಕಟ್ಟಿತು. ಕೊನೆಯ ದಿನ ಮಧ್ಯಾಹ್ನ ಕಿರಿಯ ಹೆಂಡತಿಯನ್ನು ಹೊರಗೆ ಕಳಿಸಿ ನನ್ನನ್ನು ಹತ್ತಿರ ಕರೆದರು.

"ಅವತ್ತು ಮಳವಳ್ಳೀಲಿ ಊವ ಮುಡಿಸ್ದಲ್ಲ, ಮನಸಾರೆ ಮುಡಿಸ್ದಾ ಅಮ್ಮಿ?"

ಹೂಂ ಎಂದಿದ್ದರೆ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಿದ್ದರು. ಬಾಯಿಗೆ ಎರಡು ಗುಟುಕು ನೀರು ಬಿಟ್ಟೆ, ತುಟಿ ಒರೆಸಿದೆ. ಆಮೇಲೆ ಕಿರಿಯಳನ್ನು ಒಳಗೆ ಕರೆದು, ನಾನು ಹಿತ್ತಲಿಗೆ ಹೋಗಿ ಕೂತೆ. ಸಂಜೆಯೊಳಗೆ ಹೋಗಿಬಿಟ್ಟರು. ಆ ಮಾತಿಗೆ ಉತ್ತರ ಕೊಡಲಿಲ್ಲವಲ್ಲ ಎಂದು ನಾನು ಇಂದಿನವರೆಗೂ ಮರುಗಿಲ್ಲ.