ದಿಲ್ಲಿಯ ನೆಲಕ್ಕೆ ನೀರು

ದಿಲ್ಲಿಯಲ್ಲಿ ತೆಗೆದ ಅಪ್ಪನ ಫೋಟೊಗಳು ನನ್ನ ಫೋನಿನಲ್ಲಿ ಬೇಕಾದಷ್ಟಿವೆ. ಒಂದರಲ್ಲೂ ಆತನ ಮುಖ ಸರಿಯಾಗಿ ಕಾಣುವುದಿಲ್ಲ. ಕೆಂಪುಕೋಟೆಯ ಮುಂದೆ ಬಿಳಿ ಟೋಪಿಯ ನೆತ್ತಿ, ಇಂಡಿಯಾ ಗೇಟಿನ ಮುಂದೆ ಬಾಗಿದ ಬೆನ್ನು. ಹುಮಾಯೂನನ ಗೋರಿಯ ಹತ್ತಿರವಂತೂ ಕುಕ್ಕರಗಾಲಲ್ಲಿ ಕೂತು ಬೆರಳ ಗೆಣ್ಣಿನಿಂದ ನೆಲ ಕುಟ್ಟುತ್ತಿದ್ದಾನೆ. ಏನೋ ಕಳೆದುಕೊಂಡು ಹುಡುಕುತ್ತಿದ್ದಾನೆ ಎಂದು ನೋಡಿದವರು ಅಂದುಕೊಳ್ಳಬೇಕು. ಹುಡುಕುತ್ತಿದ್ದದ್ದು ನಿಜ.

ಅಪ್ಪ ಶಹಾಬಾದಿನ ಪಾಲಿಶ್ ಕಾರ್ಖಾನೆಯಲ್ಲಿ ದುಡಿದವನು. ಗಣಿಯಿಂದ ಬಂದ ಹಾಸುಗಲ್ಲನ್ನು ಉಜ್ಜಿ ನುಣುಪು ಮಾಡುವುದು ಆತನ ಕೆಲಸ. ಎದುರಿಗೆ ಕುಕ್ಕರಗಾಲಲ್ಲಿ ಕೂತು ಕಲ್ಲಿಗೆ ನೀರು ಹೊಯ್ಯುವುದು ಅವ್ವನ ಕೆಲಸ. ಅವರ ಮದುವೆಯಾದ ವರ್ಷ ಸಾಹುಕಾರ ಒಂದು ಲಾರಿಯಷ್ಟು ಕಲ್ಲು ಆರಿಸಿ, “ಇದು ದಿಲ್ಲಿಗಿ ಹೋಗೂದದ, ದೊಡ್ಡ ಕಟ್ಟಡಕ್ಕ. ಒಂದು ಗೆರಿ ಬೀಳಬಾರದು” ಅಂದನಂತೆ. ಇಬ್ಬರೂ ಕೂಡಿ ಅದಷ್ಟನ್ನೂ ಉಜ್ಜಿ ಕಳಿಸಿದರು. ಯಾವ ಕಟ್ಟಡವೆಂದು ಆತ ಹೇಳಲಿಲ್ಲ, ಇವರು ಕೇಳಲಿಲ್ಲ. ಅಲ್ಲಿಂದ ಈಚೆಗೆ ಟಿವಿಯಲ್ಲಿ ದಿಲ್ಲಿ ಕಂಡಾಗಲೆಲ್ಲ ಅವ್ವನದು ಒಂದೇ ಬೈಗುಳ. “ಕ್ಯಾಮೆರಾ ಜರಾ ಕೆಳಗ ಹಿಡೀಲಿಕ್ಕಿ ಇವರಿಗೇನು ಧಾಡಿ.”

ನಾನು ಚಿತ್ತಾಪುರದಲ್ಲಿ ಶಾಲಾ ಮಾಸ್ತರಿಣಿ. ಇವರಿಬ್ಬರೂ ನನ್ನ ಜೊತೆಗೇ ಇದ್ದಾರೆ. ಹೋದ ಚಳಿಗಾಲದಲ್ಲಿ ಮೂವರಿಗೂ ದಿಲ್ಲಿಯ ಟಿಕೆಟ್ ಮಾಡಿಸಿದೆ. ಹೊರಡಲು ವಾರವಿದ್ದಾಗ ಅವ್ವನ ಮೊಣಕಾಲು ಕೈಕೊಟ್ಟವು. ಅಷ್ಟು ವರ್ಷ ಕುಕ್ಕರಗಾಲಲ್ಲಿ ಕೂತ ಮೊಣಕಾಲು. ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾಗಲಿಲ್ಲ. ಅಪ್ಪ ನಾನೂ ಒಲ್ಲೆ ಎಂದು ಮುಖ ತಿರುಗಿಸಿ ಕೂತ. ಅವ್ವನೇ ಆತನನ್ನು ಎಬ್ಬಿಸಿದಳು. “ಹೋಗಿ ಬರ್ರಿ. ನಮ್ಮ ಕಲ್ಲು ಎಲ್ಲಿ ಹಾಸ್ಯಾರ ನೋಡಿ ಬಂದು ಹೇಳ್ರಿ. ನಾನೇ ನೋಡ್ದಂಗ ಆಯ್ತದ.” ದಂಡೋತಿಯಿಂದ ಚಿಕ್ಕವ್ವ ಬಂದು ಮನೆಯಲ್ಲಿ ನಿಂತಳು. ನಾವು ವಾಡಿ ಸ್ಟೇಶನ್ನಿಗೆ ಹೋಗಿ ಗಾಡಿ ಹತ್ತಿದೆವು.

ಕಲ್ಲಿನ ನಿಜವಾದ ಬಣ್ಣ ಒಣಗಿದಾಗ ತಿಳಿಯುವುದಿಲ್ಲ, ಒದ್ದೆಯಾಗಬೇಕು. ನಮ್ಮೂರಲ್ಲಿ ಇದು ಮಕ್ಕಳಿಗೂ ಗೊತ್ತು, ಕೆಂಪುಕೋಟೆಯ ಕಾವಲುಗಾರನಿಗೆ ಗೊತ್ತಿರಲಿಲ್ಲ. ಅಪ್ಪ ಕುಡಿಯುವ ನೀರಿನ ಬಾಟ್ಲಿ ಬಗ್ಗಿಸಿ ನೆಲಕ್ಕೆ ಹೊಯ್ದು, ಅಂಗೈಯಿಂದ ಒರೆಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಕಾವಲುಗಾರ ಓಡಿಬಂದು ಏನು ಮಾಡುತ್ತಿದ್ದೀ ಎಂದು ಹಿಂದಿಯಲ್ಲಿ ಗದರಿದ. ಅಪ್ಪ ನಮ್ಮ ಕಡೆಯ ದಖನಿಯಲ್ಲಿ, “ಪತ್ಥರ್ ದೇಖ್‌ರೌಂ ಸಾಬ್” ಅಂದ. ಕಲ್ಲು ನೋಡಲು ನೀರೇಕೆ ಎಂದು ಆ ಮನುಷ್ಯನಿಗೆ ವಿವರಿಸುವ ಹೊತ್ತಿಗೆ ನನಗೆ ಸಾಕುಬೇಕಾಯಿತು. ಸುತ್ತ ನಿಂತ ಮಂದಿ ನಗುತ್ತಿದ್ದರು. ನನಗೆ ವಿಪರೀತ ಸಿಟ್ಟು ಬಂತು.

“ಅಪ್ಪಾ, ಜರಾ ಮ್ಯಾಲ ನೋಡು. ಇದನ್ನ ನೋಡ್ಲಿಕ್ಕಿ ಮಂದಿ ಎಲ್ಲೆಲ್ಲಿಂದ ಬಂದಾರ.”

“ಮ್ಯಾಲಿಂದು ನಿಮ್ಮವ್ವ ಕೇಳಿಲ್ಲ.”

ಹೋದಲ್ಲೆಲ್ಲ ಇದೇ ಆಯಿತು. ಕೆಂಪು ಕಲ್ಲು ಕಂಡರೆ “ಇದು ಉಸುಕಿನ ಕಲ್ಲು, ಸವೀತದ” ಅನ್ನುವನು. ಮ್ಯೂಸಿಯಮ್ಮಿನ ಪಡಸಾಲೆಯಲ್ಲಿ, ಕಚೇರಿಗಳ ಮೆಟ್ಟಿಲ ಮೇಲೆ ಕಂಡದ್ದು ಹಸಿರು ಬೆರೆತ ಬೂದು ಕಲ್ಲು. ನನ್ನ ಕಣ್ಣಿಗೆ ಅದು ನಮ್ಮದರಂತೆಯೇ ಇತ್ತು. ಅಪ್ಪ ಎರಡು ಸಲ ಕುಟ್ಟಿ, ದನಿ ಕೇಳಿ, ತಲೆಯಾಡಿಸಿದ. “ಕೋಟಾ ಕಲ್ಲು. ರಾಜಸ್ಥಾನದ್ದು. ಛಲೋ ಅದ, ನಮ್ದಲ್ಲ.”

ಕುತುಬ್ ಮಿನಾರಿನಲ್ಲಿ ಬಾಟ್ಲಿ ಮತ್ತೆ ಖಾಲಿಯಾಯಿತು. ತುಂಬಿಸಿಕೊಂಡು ವಾಪಸ್ ಬರುವಾಗ ದೂರದಲ್ಲೇ ನಿಂತುಬಿಟ್ಟೆ. ಅಪ್ಪ ಕತ್ತು ಪೂರ್ತಿ ಹಿಂದಕ್ಕೆ ಚೆಲ್ಲಿ, ಬೀಳದಂತೆ ಟೋಪಿಯನ್ನು ಒಂದು ಕೈಯಲ್ಲಿ ಹಿಡಿದು, ಬಾಯಿ ತೆರೆದು ಮಿನಾರನ್ನು ನೋಡುತ್ತಿದ್ದ. ನಾನು ಕರೆಯಲಿಲ್ಲ. ಫೋನ್ ತೆಗೆದು ಒಂದು ಫೋಟೊ ಹೊಡೆದೆ. ಹತ್ತಿರ ಹೋದಾಗ ಆತ ನನ್ನನ್ನು ಕಂಡು ಕುಕ್ಕರಗಾಲಲ್ಲಿ ಕೂತು ನೆಲ ಕುಟ್ಟತೊಡಗಿದ.

ನಮ್ಮ ಕಲ್ಲು ಎಲ್ಲೂ ಸಿಗಲಿಲ್ಲ. ವಾಪಸ್ ಬರುವಾಗ ಗಾಡಿಯಲ್ಲಿ ನಾನೇ ಹೇಳಿದೆ, “ಸಿಕ್ತು ಅಂತ ಹೇಳಿಬಿಡು. ಪಾಪ, ಹಾದಿ ಕಾಯ್ಕೋತ ಕುಂತಾಳ.” ಅಪ್ಪ ಕಿಟಕಿಯಿಂದ ಮುಖ ತಿರುಗಿಸಿದ. “ಕಲ್ಲಿನ ಮಾತಿನ್ಯಾಗ ಆಕಿಗಿ ಸುಳ್ಳು ಹೇಳ್ಲಿಕ್ಕಿ ಬರಾಂಗಿಲ್ಲ. ಹಿಡೀತಾಳ” ಅಂದ.

ಅವ್ವ ಗೋಡೆಗೆ ಒರಗಿ ಕೂತಿದ್ದಳು. ಚೀಲ ಕೆಳಗಿಡುವ ಮೊದಲೇ ಕೇಳಿದಳು. “ಸಿಕ್ತೇನ್ರಿ?”

“ಇಲ್ಲ. ಎಲ್ಲಾ ಕಡಿ ನೋಡ್ದೆ. ಕೋಟಾ ಕಲ್ಲು ಹಾಸ್ಯಾರ.”

ಅವ್ವ ಮೊಣಕಾಲು ತಿಕ್ಕಿಕೊಂಡಳು. “ಸಾಹುಕಾರ ನಮಗ ಟೋಪಿ ಹಾಕ್ಯಾನ ಹಂಗಾದ್ರ” ಅಂದಳು. ಆಮೇಲೆ, ಅದೇನು ದೊಡ್ಡ ಮಾತಲ್ಲ ಎನ್ನುವ ಹಾಗೆ ಕೇಳಿದಳು. “ಹೋಗ್ಲಿ ಬಿಡ್ರಿ. ಆ ಕುತುಬ್ ಮಿನಾರ್ ಖರೇನೇ ಅಷ್ಟು ಎತ್ತರ ಅದೇನು?”

ನಾವು ಹೊರಟ ದಿನ ಬಾಗಿಲಲ್ಲಿ ನಿಂತಾಗ ಅವಳ ಮುಖ ಹೇಗಿತ್ತೋ ಈಗಲೂ ಹಾಗೇ ಇತ್ತು. ಎಲ್ಲರಿಗೂ ದಿಲ್ಲಿ ಸಿಕ್ಕಿತು, ತಾನೊಬ್ಬಳೇ ಉಳಿದೆ ಎನ್ನುವ ಮುಖ. ಅಪ್ಪ ಟೋಪಿ ತೆಗೆದು ಗೂಟಕ್ಕೆ ಹಾಕಿದ.

“ಯಾಂವ ನೋಡ್ಯಾನ. ತಲಿ ಎತ್ತಿದ್ದರ ಅಲ್ಲ. ನಿನ್ನ ಕಲ್ಲು ಹುಡುಕೂದ್ರಾಗೇ ನಾಕೂ ದಿನ ಹೋದವು. ಬೇಕಾದ್ರ ಇಕಿಗಿ ಕೇಳು, ಫೋಟೊ ಹೊಡದಾಳ.”

ನಾನು ಅವ್ವನ ಪಕ್ಕ ಕೂತು ಒಂದೊಂದೇ ತೋರಿಸಿದೆ. ಟೋಪಿ, ಬೆನ್ನು, ಮತ್ತೆ ಟೋಪಿ. ಗೋರಿಯ ಹತ್ತಿರ ನೆಲ ಕುಟ್ಟುವುದನ್ನು ಕಂಡು ಅವ್ವನಿಗೆ ನಗು ತಡೆಯಲಾಗಲಿಲ್ಲ, ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ಅಷ್ಟು ದೂರ ಹೋಗಿ ನೆಲ ನೋಡಿ ಬಂದ್ರೇನು. ಹಂಗಾದ್ರ ನಾವಿಬ್ಬರೂ ದಿಲ್ಲಿ ನೋಡಿಲ್ಲ ಬಿಡ್ರಿ.”

“ನೋಡಿಲ್ಲ” ಅಂದ ಅಪ್ಪ.

ಮುಂದಿನ ಫೋಟೊ ಕುತುಬ್ ಮಿನಾರಿನದು. ಚಾರ್ಜ್ ಮುಗಿದದ ಎಂದು ಫೋನ್ ಹಿಂದಕ್ಕೆ ತೆಗೆದುಕೊಂಡೆ. ಚಹಾ ಇಡುವ ನೆಪದಲ್ಲಿ ಒಳಗೆ ಹೋಗಿ, ಒಲೆಯ ಮುಂದೆ ನಿಂತು ಆ ಒಂದು ಫೋಟೊ ಅಳಿಸಿಬಿಟ್ಟೆ.