ಯಾರ ಮಾಳಿಗೆ ಮೊದಲು

ಯುಗಾದಿ ಕಳೆದು ಮೊದಲ ಮಳೆ ಬೀಳುವುದರೊಳಗೆ ಮನೆಯ ನೆತ್ತಿಗೆ ಹೊಸ ಮಣ್ಣು ಹಾಕದಿದ್ದರೆ ಏನಾಗುತ್ತದೆಂದು ಮಣ್ಣಿನ ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ. ಆಗಿನ್ನೂ ನಮ್ಮೂರಲ್ಲಿ ಎಲ್ಲರದೂ ಅಂಥದೇ ಮನೆ. ಊರು ಮಡಕಶಿರಾ ಸೀಮೆಯದು, ಹೇಮಾವತಿಯ ಕಡೆಗೆ. ಹಳೆಯ ಕಲ್ಲುಗುಡಿಯ ಬೆನ್ನಿಗೆ ಒಂದೇ ಸಾಲಿನಲ್ಲಿ ಹತ್ತು ಮನೆ. ಒಬ್ಬರ ಗೋಡೆಯೇ ಇನ್ನೊಬ್ಬರ ಗೋಡೆ. ಗೋಡೆಗಳಲ್ಲಿ ಅಲ್ಲಲ್ಲಿ ಕೆತ್ತನೆಯ ಕಲ್ಲುಗಳು. ನಮ್ಮ ಬಚ್ಚಲಲ್ಲಿ ಕತ್ತಿ ಹಿಡಿದ ವೀರನೊಬ್ಬ ತಲೆಕೆಳಗಾಗಿ ನಿಂತಿದ್ದ. ಅವನ ಮೊಣಕಾಲ ಮೇಲೆ ನಾನು ಸೋಪು ಇಡುತ್ತಿದ್ದೆ. ಮಕ್ಕಳೆಲ್ಲ ಮಾಳಿಗೆಯಿಂದ ಮಾಳಿಗೆಗೆ ಒಂಟಿಕಾಲಲ್ಲಿ ಕುಂಟುತ್ತ ಬೀದಿಯ ಕೊನೆ ಮುಟ್ಟುತ್ತಿದ್ದೆವು. ಒಣಹಾಕಿದ ಕಡಲೆಕಾಯಿ ತುಳಿದರೆ ಬೈಗುಳ ಮಾತ್ರ ಹತ್ತೂ ಮನೆಯಿಂದ ಬರುತ್ತಿತ್ತು.

ಮಾಳಿಗೆಗೆ ಬೇಕಾದ ಚೌಳು ಮಣ್ಣು ಗುಡಿಯ ಹಿಂದಿನ ದಿಬ್ಬದಿಂದಲೇ ಬರಬೇಕು. ಬೇರೆ ಮಣ್ಣಿಗೆ ನೀರು ತಡೆಯುವ ಗುಣವಿಲ್ಲ. ಮಣ್ಣು ಹೊರುವ ಮುಂಚೆ ಬೀದಿಗೆಲ್ಲ ಹಿರಿಯನಾದ ನರಸಪ್ಪತಾತ ಬರಿಗಾಲಲ್ಲಿ ಎಲ್ಲರ ಮಾಳಿಗೆ ಹತ್ತಿ, ಹಿಮ್ಮಡಿಯಿಂದ ಗುದ್ದಿ, ಕಿವಿಗೊಟ್ಟು ಕೇಳುತ್ತಿದ್ದ. ಯಾರದು ಎಲ್ಲಕ್ಕಿಂತ ಸೊರಗಿದೆಯೋ ಅವರಿಗೆ ಮೊದಲ ಬುಟ್ಟಿ. ಮಾತು ಬಿಟ್ಟವರ ಮನೆಯಾದರೂ ಬೀದಿಯವರೆಲ್ಲ ಮುಖ ಗಂಟಿಕ್ಕಿಕೊಂಡೇ ಹೋಗಿ ಹೊರುತ್ತಿದ್ದರು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ದಿಬ್ಬಕ್ಕೆ ಬೇಲಿ ಬಂತು. ಕೆಳಗೆ ಹಳೆಯ ಪಟ್ಟಣವಿದೆಯಂತೆ, ಒಂದು ಬುಟ್ಟಿ ಮಣ್ಣೂ ತೆಗೆಯುವ ಹಾಗಿಲ್ಲ ಎಂದು ಪುರಾತತ್ವ ಇಲಾಖೆಯವರು ಬೋರ್ಡು ನೆಟ್ಟರು. ಗುಡಿಯ ಸುತ್ತ ಹೊಸ ಮನೆ, ಸಿಮೆಂಟಿನ ಛಾವಣಿ ಯಾವುದಕ್ಕೂ ಅಪ್ಪಣೆಯಿಲ್ಲ. ಹಾಗೆ ನೋಡಿದರೆ ಹೊರುವುದಕ್ಕೆ ಜನರಾದರೂ ಎಲ್ಲಿದ್ದರು? ನಮ್ಮಪ್ಪ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ ಕಂಡವರ ಮನೆಗೆಲ್ಲ ಸಿಮೆಂಟಿನ ಮೋಲ್ಡು ಹಾಕುತ್ತಿದ್ದ. ಅಮ್ಮ ಬೆಳಕು ಹರಿಯುವ ಮುಂಚೆ ಗಾರ್ಮೆಂಟ್ಸ್ ಫ್ಯಾಕ್ಟರಿಯ ವ್ಯಾನು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಬಿಡುವು ಭಾನುವಾರ ಒಂದೇ. ನನಗೆ ತಲೆ ಬಾಚಿ, ಬಿಸಿ ಮುದ್ದೆಗೆ ಅವರೆಕಾಳು ಸಾರು ಬಿಟ್ಟು ಉಣ್ಣಿಸುತ್ತಿದ್ದವಳು ಪಕ್ಕದ ಮನೆಯ ಗಂಗಕ್ಕ.

ಆ ಮುಂಗಾರಿಗೆ ಮನೆ ತುಂಬ ಸೋರಿತು. ಅಮ್ಮ ಫ್ಯಾಕ್ಟರಿಯಿಂದ ಬಟ್ಟೆಯ ಥಾನು ಸುತ್ತಿ ಬರುವ ದೊಡ್ಡ ಪ್ಲಾಸ್ಟಿಕ್ ಹಾಳೆಗಳನ್ನು ಕೇಳಿ ತಂದಳು. ಅದನ್ನು ಹಾಸಿ ಮೇಲೆ ಹೊಲದ ಮಣ್ಣು ಎಳೆಸಿದಳು. ನರಸಪ್ಪತಾತ ಕೆಳಗೆ ನಿಂತು ನೋಡಿದ.

"ಮಾಳಿಗೆ ಉಸಿರಾಡಬೇಕು ಕಣಮ್ಮ. ಹಿಂಗೆ ಮೂತಿ ಕಟ್ಟಿದ್ರೆ ಒಳಗೊಳಗೇ ಬೇಯ್ತೈತೆ."

ಹಾಗಿದ್ದರೆ ದಿಬ್ಬದ ಮಣ್ಣು ನೀನೇ ತಂದುಕೊಡು ಎಂದಳು ಅಮ್ಮ. ಮಳೆ ಹೊಯ್ದರೂ ಮನೆಯೊಳಗೆ ಒಂದು ಹನಿ ಬೀಳಲಿಲ್ಲ. ನಮ್ಮಮ್ಮನ ಬುದ್ಧಿಯೇ ಬುದ್ಧಿ ಎಂದು ನಾನು ಸ್ಕೂಲಿನಲ್ಲೆಲ್ಲ ಮೆರೆದೆ. ಗಂಗಕ್ಕ ಕೇಳಿದಳೆಂದು ಅಮ್ಮ ಅವಳಿಗೂ ಹಾಳೆ ತಂದು ಹಾಸಿಸಿಕೊಟ್ಟಳು.

ಚಳಿ ಶುರುವಾದ ಮೇಲೆ ತೊಲೆಗಳಿಂದ ಒದ್ದೆ ಗೋಣಿಚೀಲದ ವಾಸನೆ ಬರತೊಡಗಿತು. ಮಲಗಿದರೆ ನೆತ್ತಿಯ ಮೇಲೆ ಕರಕರ ಸದ್ದು. ಗಂಗಕ್ಕನ ಮನೆಯಲ್ಲಿ ಮಜ್ಜಿಗೆ ಲೋಟಕ್ಕೆ ಮರದ ಹಿಟ್ಟು ಉದುರಿತು. ಅವಳು ಬೆರಳಲ್ಲಿ ತೆಗೆದು ನಕ್ಕಳು. ನನಗೆ ನಗು ಬರಲಿಲ್ಲ. ಆದರೂ ಅಮ್ಮನಿಗೆ ಹೇಳದೆ ಬಾಯಿ ಹೊಲಿದುಕೊಂಡಿದ್ದೆ. ಹೇಳಿದರೆ ಪ್ಲಾಸ್ಟಿಕ್ ತೆಗೆಸುತ್ತಾಳೆ, ಮತ್ತೆ ಸೋರುವ ನೀರಿಗೆ ಪಾತ್ರೆ ಇಡುವ ಕೆಲಸ ನನ್ನ ಪಾಲಿಗೆ ಬರುತ್ತದೆ ಎಂಬ ಸೋಮಾರಿತನ.

ಸಂಕ್ರಾಂತಿಯ ಹೊತ್ತಿಗೆ ನರಸಪ್ಪತಾತ ತಾನಾಗಿಯೇ ಬಂದು, ಎರಡೂ ಮನೆಯ ತೊಲೆಗಳನ್ನು ಕೋಲಿನಿಂದ ತಟ್ಟಿದ. ಗೆದ್ದಲು ಹತ್ತಿತ್ತು. ಗಂಗಕ್ಕನ ನಡುತೊಲೆ ತಟ್ಟಿದಾಗ ಸದ್ದೇ ಬರಲಿಲ್ಲ.

"ಗಂಗಮ್ಮನ ಮಾಳಿಗೆ ಮಣ್ಣು ಮೊದ್ಲು ಇಳಿಸ್ರಮ್ಮ. ನಿಮ್ಮದು ಇನ್ನೊಂದು ತಿಂಗ್ಳು ತಡೀತೈತೆ," ಎಂದ.

ಒಂದು ಭಾನುವಾರದಲ್ಲಿ ಒಂದೇ ಮಾಳಿಗೆಯ ಮಣ್ಣು ಇಳಿಸಲು ಸಾಧ್ಯ. ಅಮ್ಮ ಫ್ಯಾಕ್ಟರಿಯ ನಾಲ್ಕು ಹೆಂಗಸರನ್ನು ಒಪ್ಪಿಸಿದಳು. ಆ ವಾರವೆಲ್ಲ ನಾನು ಅತ್ತೆ. ನಮ್ಮನೆಯದೇ ಮೊದಲಾಗಬೇಕು, ಇಲ್ಲದಿದ್ದರೆ ಇದರಡಿ ಮಲಗುವುದಿಲ್ಲ ಎಂದು ಹಟ ಹಿಡಿದೆ. ಭಾನುವಾರ ಬೆಳಿಗ್ಗೆ ಹೆಂಗಸರು ಬಂದಾಗ ಅಮ್ಮ ಒಂದು ಗಳಿಗೆ ನಿಂತಳು. ಆಮೇಲೆ ನಮ್ಮ ಗೋಡೆಗೆ ಏಣಿ ಒರಗಿಸಿದಳು. ಗಂಗಕ್ಕನೂ ಸೆರಗು ಸಿಕ್ಕಿಸಿಕೊಂಡು ಬಂದು ನಮ್ಮ ಮಣ್ಣು ಹೊತ್ತಳು. ಅವಳದು ಮುಂದಿನ ಭಾನುವಾರ ಎಂದಾಯಿತು. ಅಲ್ಲಿಯವರೆಗೆ ರಾತ್ರಿ ನಮ್ಮಲ್ಲೇ ಮಲಗು ಎಂದಳು ಅಮ್ಮ, ಗಂಗಕ್ಕ ಮಲಗಿದಳು. ಹಗಲು ಅಡುಗೆ ಮಾತ್ರ ಅವಳ ಒಲೆಯಲ್ಲೇ.

ಬುಧವಾರ ಮಧ್ಯಾಹ್ನ ಮಳೆಯಿಲ್ಲ, ಗಾಳಿಯಿಲ್ಲ, ಒಳ್ಳೆ ಬಿಸಿಲು. ಸ್ಕೂಲಿನಲ್ಲಿದ್ದ ನಮಗೂ ಸದ್ದು ಕೇಳಿಸಿತು. ಓಡಿ ಬಂದಾಗ ಗುಡಿಯ ಗೋಪುರದವರೆಗೂ ಧೂಳೆದ್ದಿತ್ತು. ಬೀದಿಯಲ್ಲಿ ಉಳಿದಿದ್ದವರೆಂದರೆ ನರಸಪ್ಪತಾತ ಮತ್ತು ಮೂರು ಜನ ಮುದುಕಿಯರು. ನಾಲ್ವರೂ ಕೈಯಿಂದಲೇ ಮಣ್ಣು ತೋಡುತ್ತಿದ್ದರು. ಸಂಜೆ ಅಮ್ಮನ ವ್ಯಾನು ಬರುವ ಹೊತ್ತಿಗೆ ಗಂಗಕ್ಕನನ್ನು ಹೊರಗೆ ತಂದು ಚಾಪೆಯ ಮೇಲೆ ಮಲಗಿಸಿದ್ದರು. ಅವಳ ಜೀವ ಹೋಗಿತ್ತು.

ಮುಂದಿನ ವರ್ಷಗಳಲ್ಲಿ ಒಂದೊಂದೇ ಮನೆಗೆ ಬೀಗ ಬಿತ್ತು, ನಾವೂ ಹಿಂದೂಪುರಕ್ಕೆ ಬಂದೆವು. ಈಗ ಆ ಬೀದಿಯಲ್ಲಿ ಗೋಡೆಗಳಷ್ಟೇ ನಿಂತಿವೆ. ಗುಡಿ ಚೊಕ್ಕಟವಾಗಿದೆ, ನೋಡಲು ಜನ ಕಾರಿನಲ್ಲಿ ಬರುತ್ತಾರೆ. ಹಳೆಯ ಊರೆಂದರೆ ಎಷ್ಟು ಚೆಂದ ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ.

ಹೋದ ವರ್ಷ ಅಮ್ಮನ ಮುಂದೆ ಎಲ್ಲವನ್ನೂ ಹೇಳಿಕೊಂಡು ಅತ್ತೆ. ಹಿಟ್ಟು ಉದುರಿದ್ದು ನೋಡಿಯೂ ಸುಮ್ಮನಿದ್ದೆ, ಹಟ ಮಾಡಿ ನಮ್ಮ ಮಾಳಿಗೆಯನ್ನೇ ಮೊದಲು ಇಳಿಸುವ ಹಾಗೆ ಮಾಡಿದೆ, ಗಂಗಕ್ಕನನ್ನು ನಾನೇ ಕೊಂದೆ ಎಂದೆ. ಅಮ್ಮ ನನ್ನ ಕೈ ಹಿಡಿದುಕೊಂಡಳು.

"ಅವತ್ತು ಏಣಿ ಇಟ್ಟಿದ್ದು ನೀನು ಅತ್ತಿದ್ದಕ್ಕಲ್ಲ ಕಣೆ," ಎಂದಳು. "ನಂಗೂ ನಮ್ದೇ ಮೊದ್ಲು ಆಗ್ಬೇಕಿತ್ತು."