ಬೇಳೆಗೆ ಸೆರಗೊಡ್ಡಿದ ಆಯಿ

ಆಯಿಯ ಅಂಗೈ ಸದಾ ಹಸಿರು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಗೆರೆಗಳಲ್ಲಿ ಹುಲ್ಲಿನ ಬಣ್ಣ ಕೂತುಬಿಟ್ಟಿತ್ತು, ಬೆರಳ ತುಂಬ ಹುಲ್ಲಿನ ಅಲಗು ಕೊಯ್ದ ಗೀರುಗಳು. ಅದೇ ಕೈಯ ಹಿಂಬದಿಯನ್ನು ಕುದುರೆಯ ಗೊರಸಿಗೆ ಹಿಡಿದು ನೋಡುತ್ತಿದ್ದಳು, ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡಿದಂತೆ.

ಬದಲಾಪುರದ ಆಚೆ ಹುಲ್ಲು ಕೊಯ್ದು, ಮುಂಜಾನೆಯ ಲೋಕಲ್‌ನ ಲಗೇಜ್ ಡಬ್ಬಿಯಲ್ಲಿ ಹೊರೆ ಹಾಕಿಕೊಂಡು ಕಲ್ಯಾಣ ಶಹರಕ್ಕೆ ಮಾರಲು ಬರುತ್ತಿದ್ದಳು. ನಾವೆಲ್ಲ ಅವಳನ್ನು ಆಯಿ ಅನ್ನುತ್ತಿದ್ದೆವು. ಅವಳ ಊರು ವಿಜಾಪುರ. ನನ್ನ ಅಪ್ಪ ಅವ್ವ ಕಲಬುರಗಿಯವರು, ನಾನು ಹುಟ್ಟಿದ್ದು ಇಲ್ಲೇ. ಖಾಡಿಯ ಹಿನ್ನೀರಿನ ಹತ್ತಿರದ ತಬೇಲಾದಲ್ಲಿ, ಅಂದರೆ ಲಾಯದಲ್ಲಿ, ಮದುವೆ ಮೆರವಣಿಗೆಯ ಕುದುರೆ ನೋಡಿಕೊಳ್ಳುವುದು ನನ್ನ ಕೆಲಸ. ಚಾಂದನಿ ಅಂತ ಬಿಳಿ ಹೆಣ್ಣುಕುದುರೆ. ಅದು ಮಾಲಕನದು, ಆದರೆ ಅದರ ಪಕ್ಕದಲ್ಲಿ ಹಾಸಿಗೆ ಹಾಸುತ್ತಿದ್ದವನು ನಾನು.

ಆ ವರ್ಷ ಮಳೆಗಾಲದಲ್ಲಿ ತಪ್ಪು ಮಾಡಿದೆ. ಆ ನಾಲ್ಕು ತಿಂಗಳು ಲಗ್ನ ಇರುವುದಿಲ್ಲ, ಕುದುರೆ ನಿಂತಲ್ಲೇ ನಿಂತಿರುತ್ತದೆ. ನಾನು ಮಾತ್ರ ಸೀಸನ್‌ನಲ್ಲಿ ಹಾಕಿದಷ್ಟೇ ಕಡಲೆ, ಬೆಲ್ಲ ಹಾಕುತ್ತ ಹೋದೆ. ಮೈ ಮಿಂಚುತ್ತಿತ್ತು, ನನಗೆ ಖುಷಿ. ಗಣಪತಿ ಕೂರುವ ಹೊತ್ತಿಗೆ ಅದು ಮುಂಗಾಲು ಮುಂದೆ ಚಾಚಿ, ಭಾರವೆಲ್ಲ ಹಿಂದಕ್ಕೆ ಹಾಕಿ ನಿಲ್ಲತೊಡಗಿತು. ತಿರುಗಿಸಿದರೆ ಕುಂಟುತ್ತಿತ್ತು. ಸ್ಕೂಟರ್ ಹಾರ್ನ್ ಕೇಳಿದರೂ ಬೆಚ್ಚಿ ಹಗ್ಗ ಜಗ್ಗುತ್ತಿತ್ತು. ನಿಶ್ಶಕ್ತಿ ಎಂದುಕೊಂಡು ಕಡಲೆ ಇನ್ನೂ ಹೆಚ್ಚು ಮಾಡಿದೆ.

ಮಾಲಕ ಬಂದು ನೋಡಿದ. "ತುಳಸಿ ಲಗ್ನ ತಕ್ ಸೀದಾ ಚಲೀ ತೋ ಠೀಕ್, ನಹೀ ತೋ ಬೇಚ್ ಡಾಲೂಂಗಾ" ಅಂದ. ತುಳಸಿ ಲಗ್ನ ಆದಮೇಲೆ ಮದುವೆಗಳು ಶುರು, ಅಷ್ಟರೊಳಗೆ ಸೀದಾ ನಡೆಯದಿದ್ದರೆ ಮಾರಿಬಿಡುತ್ತಾನೆ. ಕುಂಟ ಕುದುರೆ ಕೊಳ್ಳುವವರು ಇಟ್ಟಿಗೆ ಭಟ್ಟಿಯವರು. ಅಲ್ಲಿ ಅದು ಎಷ್ಟು ದಿನ ಬಾಳುತ್ತದೆ ಅಂತ ನನಗೆ ಗೊತ್ತಿತ್ತು.

ಮರುದಿನ ಆಯಿ ಹೊರೆ ಇಳಿಸಿದವಳೇ ಯಾರನ್ನೂ ಕೇಳದೆ ಚಾಂದನಿಯ ಕಾಲಬುಡದಲ್ಲಿ ಕೂತು ಗೊರಸಿಗೆ ಕೈ ಹಿಡಿದಳು.

"ಏನ್ ಹಾಕಾಕತ್ತಿ ಇದಕ್ಕ?"

"ಕಡ್ಲಿ, ಬೆಲ್ಲ. ತಾಕತ್ ಬೇಕಲ್ಲ ಆಯಿ."

"ಗೊರಸು ಕಾದ ಹಂಚ ಆಗ್ಯಾವ, ತಿಂದದ್ದೆಲ್ಲ ಕಾಲಿಗೆ ಇಳದೈತಿ. ಕಡ್ಲಿ ನಿಂದರಸು, ಬೆಲ್ಲ ನಿಂದರಸು. ನನ್ನ ಹಸಿ ಹುಲ್ಲೂ ಬ್ಯಾಡ, ಅದರಾಗೂ ಸಿಹಿ ಐತಿ. ಒಣಾ ಹುಲ್ಲ ತಂದು, ತಾಸೊತ್ತು ನೀರಾಗ ನೆನಸಿ, ಆ ನೀರ ಚೆಲ್ಲಿ ಹಾಕು. ಸ್ವಲ್ಪ ಸ್ವಲ್ಪ, ದಿನಾ ಪೂರ್ತಿ."

"ನಿನ್ ಹುಲ್ಲ ಬ್ಯಾಡ ಅಂದ್ರ ನಿನಗ ಲುಕ್ಸಾನ್ ಅಲ್ಲೇನು?"

"ನನ್ ಲುಕ್ಸಾನ್ ನಾ ನೋಡ್ಕೋತೀನಿ. ನೀ ಡಾಕ್ಟರ್‌ನ ಕರಿ."

ದನದ ಡಾಕ್ಟರ್ ಬಂದರು. ನೋವಿಗೆ ಔಷಧ ಕೊಟ್ಟರು, ಕಾಲಡಿ ಮರದ ಹೊಟ್ಟು ಹಾಸು, ನಡೆಸಬೇಡ ಅಂದರು. ತಿನಿಸಿನ ವಿಷಯದಲ್ಲಿ ಆಯಿ ಹೇಳಿದ್ದನ್ನೇ ಹೇಳಿದರು. ಆಯಿ ಪಕ್ಕದಲ್ಲೇ ಇದ್ದಳು, ನನ್ನ ಕಡೆ ನೋಡಲೂ ಇಲ್ಲ.

ಮಾಡುವುದೇ ಕಷ್ಟ. ಚಾಂದನಿ ಖಾಲಿ ಬಕೆಟ್ಟನ್ನು ಮೂತಿಯಿಂದ ತಳ್ಳಿ ನನ್ನನ್ನೇ ನೋಡುತ್ತಿತ್ತು. ಒಂದು ವಾರ ತಡೆದೆ. ಆಮೇಲೆ ಒಂದು ತುಂಡು ಬೆಲ್ಲ ಕೊಟ್ಟುಬಿಟ್ಟೆ. ಆಯಿ ಬಂದವಳು ದಿನದಂತೆ ಮೊದಲು ಲದ್ದಿ ನೋಡಿದಳು, ಆಮೇಲೆ ಕುದುರೆಯ ಬಾಯಿಗೆ ಮೂಗು ಹಚ್ಚಿದಳು.

"ಏನ್ ಕೊಟ್ಟಿ?"

"ಏನಿಲ್ಲ."

"ಬಾಯಿ ಬೆಲ್ಲ ನಾರತೈತಿ. ನನಗ ಸುಳ್ಳ ಹೇಳು, ನಡೀತೈತಿ. ಅದರ ಕಾಲಿಗೆ ಹೆಂಗ ಹೇಳತಿ?"

ನನಗೆ ಸಿಟ್ಟು ಬಂತು. "ಹುಲ್ಲ ಮಾರಾಕಿ ನೀ, ಕುದುರಿ ಬಗ್ಗೆ ನಿನಗೇನ್ ಗೊತ್ತು?" ಅಂದೆ.

ಅವಳು ಹೊರೆಯ ಮೇಲೆ ಕೂತಳು. "ನನ್ ಗಂಡ ವಿಜಾಪುರದಾಗ ಟಾಂಗಾ ಹೊಡೀತಿದ್ದ. ನಮ್ ಕುದುರಿನೂ ಹಿಂಗ ಕುಂಟಾಕ ಹತ್ತಿತು. ನಾವು ಅರ್ಧಾ ಹೊಟ್ಟಿಲೆ ಇದ್ದು ಅದಕ್ಕ ಕಡ್ಲಿ ಹಾಕಿದ್ವಿ. ಪ್ರೀತಿಲೆ. ಮಲಗಿದ್ದು ಏಳಲೇ ಇಲ್ಲ. ಬ್ಯಾಡ ಅನ್ನಾಕ ನಮಗ ಯಾರೂ ಇರಲಿಲ್ಲ, ತಮ್ಮಾ."

ನಾನು ಎದ್ದು ಹೋಗಿ ಬೆಲ್ಲದ ಡಬ್ಬಿ ತಂದು ಅವಳ ಕೈಗೆ ಕೊಟ್ಟೆ.

ಗೊರಸಿನ ಬಿಸಿ ನಿಧಾನಕ್ಕೆ ಇಳಿಯಿತು. ನವರಾತ್ರಿ ಮುಗಿಯುವಾಗ ಚಾಂದನಿ ನಾಲ್ಕೂ ಕಾಲ ಮೇಲೆ ಸಮನಾಗಿ ನಿಂತಿತು. ಹಾರ್ನ್‌ಗೆ ಕಿವಿ ಮಾತ್ರ ಅಲ್ಲಾಡಿಸಿತು. "ಅರ್ಧಾ ಅಂಜಿಕಿ ನೋವಿಂದು, ಅರ್ಧಾ ಕಡ್ಲಿದು" ಅಂದಳು ಆಯಿ. ಮೆರವಣಿಗೆಯಲ್ಲಿ ಲದ್ದಿ ಹಾಕಬಾರದು ಅಂತ ನಾನು ಮೊದಲೆಲ್ಲ ಅದನ್ನು ಮಧ್ಯಾಹ್ನದಿಂದ ಉಪವಾಸ ಇಡುತ್ತಿದ್ದೆ. ಅದಕ್ಕೂ ಬೈದಳು. "ಹೊಟ್ಟಿ ಖಾಲಿ ಇದ್ರ ನೀನೂ ಒದರಾಡ್ತಿ. ಹೋಗೂತನಾ ಒಣಾ ಹುಲ್ಲ ಹಾಕು. ಲದ್ದಿ ಹಾಕಿದ್ರ ಹಾಕಲಿ, ವರಾನ ತಲಿ ಮ್ಯಾಲೇನ್ ಬೀಳಂಗಿಲ್ಲ."

ಡಾಕ್ಟರ್ ನಡೆಸಬಹುದು ಅಂದಮೇಲೆ ಮೊದಲ ಲಗ್ನ ಡೊಂಬಿವಲಿಯಲ್ಲಿ. ಅಲ್ಲೊಂದು ಗಂಡಾಂತರವಿತ್ತು. ಮದುವೆಯವರು ಉತ್ತರದ ಕಡೆಯ ಜನ, ಅವರಲ್ಲಿ ವರನ ಅಕ್ಕತಂಗಿಯರು ಕುದುರೆಗೆ ನೆನೆಸಿದ ಕಡಲೆಬೇಳೆ ತಿನ್ನಿಸಲೇಬೇಕು, ಅದು ಶಕುನ. ತಾಟು ತುಂಬ ತರುತ್ತಾರೆ. ಬೇಡ ಅಂದರೆ ಅವಮಾನ, ತಿನ್ನಿಸಿದರೆ ಕಾಲು ಮತ್ತೆ ಹೋಗುತ್ತದೆ. ಇದನ್ನು ಆಯಿಗೆ ಹೇಳಿದ್ದೆ.

ಹಾಲ್‌ನ ಗೇಟಿನಲ್ಲಿ ನೋಡಿದರೆ ಆಯಿ ಒಗೆದ ಸೀರೆ ಉಟ್ಟು ನಿಂತಿದ್ದಾಳೆ, ಕೈಯಲ್ಲಿ ಒಂದು ಹಿಡಿ ಒಣ ಹುಲ್ಲು. ವರನ ಅಕ್ಕ ತಾಟು ಹಿಡಿದು ಬಂದಳು. ಆಯಿ ನಡುವೆ ಹೋಗಿ ಸೆರಗು ಒಡ್ಡಿದಳು.

"ಬೇಟಿ, ಘೋಡೀ ಕಾ ಪಾಂವ್ ದುಖತಾ. ದಾಲ್ ಇದರಾಗ ಹಾಕು. ಘೋಡೀ ಕೋ ಯೇ ಘಾಸ್ ದೇ." ಕುದುರೆಗೆ ಕಾಲು ನೋವು, ಅದಕ್ಕೆ ಈ ಹುಲ್ಲು ಕೊಡು ಅಂತ.

"ಔರ್ ಶಗುನ್?" ಅಂದಳು ಆ ಹೆಂಗಸು.

"ಮೈ ಘೋಡೀ ಕೀ ಮಾಂ. ಮೇರೇ ಕೋ ದಿಯಾ ತೋ ಉಸ್ ಕೋ ದಿಯಾ." ನಾನು ಕುದುರೆಯ ತಾಯಿ, ನನಗೆ ಕೊಟ್ಟರೆ ಅದಕ್ಕೇ ಕೊಟ್ಟಂತೆ ಅಂತ.

ಮಾಲಕ ನನ್ನನ್ನು ನುಂಗುವಂತೆ ನೋಡುತ್ತಿದ್ದ. ವರನ ತಾಯಿ ಆಯಿಯ ಕೈ ನೋಡಿದಳು, ಆಮೇಲೆ ಮಗಳಿಗೆ "ಡಾಲ್ ದೇ" ಅಂದಳು, ಸೆರಗಿಗೇ ಹಾಕು ಅಂತ. ತಾಟಿನ ಬೇಳೆಯೆಲ್ಲ ಸೆರಗಿಗೆ ಬಿತ್ತು. ಚಾಂದನಿ ವರನ ಅಕ್ಕನ ಅಂಗೈಯಿಂದ ಹುಲ್ಲು ತಿಂದಿತು. ಫೋಟೋದವನು ಫ್ಲ್ಯಾಶ್ ಹೊಡೆದ, ಬ್ಯಾಂಡಿನವರು ಒಮ್ಮೆಲೇ ಬಾರಿಸಿದರು. ಕುದುರೆ ಅಲುಗಲಿಲ್ಲ. ಸೀದಾ ನಡೆಯಿತು. ಮಾಲಕ ಮತ್ತೆ ಮಾರುವ ಮಾತು ಎತ್ತಲಿಲ್ಲ.

ಮರುದಿನ ಆಯಿ ಆ ಬೇಳೆಯ ಪಲ್ಯ, ರೊಟ್ಟಿ ಕಟ್ಟಿಕೊಂಡು ಬಂದಳು. "ಲಗ್ನದ ಬ್ಯಾಳಿ ಐತಿ, ಉಣ್ಣು" ಅಂದಳು. ಅದಕ್ಕೂ ಮೊದಲು ಗೊರಸು ಮುಟ್ಟಿ ನೋಡಿದಳು.

ಮೂರು ವರ್ಷದ ಮೇಲೆ ಒಂದು ಮಳೆಗಾಲ ಅವಳು ಬರುವುದು ನಿಂತಿತು. ಲಗೇಜ್ ಡಬ್ಬಿಯ ಬೇರೆ ಹುಲ್ಲಿನ ಹೆಂಗಸರು ಹೇಳಿದರು, ಎರಡು ದಿನ ಜ್ವರ, ಹೋದಳು. ನಾನು ಬದಲಾಪುರಕ್ಕೆ ಹೋದಾಗ ಎಲ್ಲ ಮುಗಿದಿತ್ತು. ಬಾಗಿಲ ಮೂಲೆಯಲ್ಲಿ ಕುಡುಗೋಲು ಇತ್ತು. ನನ್ನ ಹತ್ತಿರ ಅವಳ ಒಂದು ಫೋಟೋ ಕೂಡ ಇಲ್ಲ. ಡೊಂಬಿವಲಿಯ ಯಾವುದೋ ಮನೆಯ ಮದುವೆ ಆಲ್ಬಮ್‌ನಲ್ಲಿ ಇರಬೇಕು, ಸೆರಗು ಒಡ್ಡಿಕೊಂಡು ವರನ ಪಕ್ಕ ನಿಂತದ್ದು.

ಈಗ ಪ್ರತಿ ಲಗ್ನದಲ್ಲೂ ನಾನೇ ಟವೆಲ್ ಒಡ್ಡುತ್ತೇನೆ. ಬೇಳೆ ತಂದು ಬೇಯಿಸುತ್ತೇನೆ. ಮುಂಜಾನೆ ಕೈಯ ಹಿಂಬದಿಯನ್ನು ಚಾಂದನಿಯ ಗೊರಸಿಗೆ ಹಿಡಿದು ನೋಡುತ್ತೇನೆ. ತಣ್ಣಗಿದ್ದರೆ ಕೂತು ಉಣ್ಣುತ್ತೇನೆ.